ಎರಡು ಗಿನಿಪಿಗ್ ಇಪ್ಪತ್ತಾದ ಮನೆಗಳಿಗೆ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಮನೆಗಳಿಗೆ ಮಕ್ಕಳ ಹಟಕ್ಕೆ ಒಂದು ಜೋಡಿ ಗಿನಿಪಿಗ್ ಬರುತ್ತದೆ. ಮಾರುವವರು ‘ಎರಡೂ ಹೆಣ್ಣೇ, ಯೋಚನೆ ಮಾಡಬೇಡಿ’ ಅನ್ನುತ್ತಾರೆ. ದೀಪಾವಳಿ ಹೊತ್ತಿಗೆ ಹನ್ನೆರಡಾಗುತ್ತವೆ, ಮುಂದಿನ ಬೇಸಿಗೆಗೆ ಇಪ್ಪತ್ತೈದು ದಾಟುತ್ತವೆ. ಆಮೇಲೆ ರಟ್ಟಿನ ಡಬ್ಬಕ್ಕೆ ತುಂಬಿ ಪಾರ್ಕಿನಲ್ಲೋ ಕೆರೆ ಏರಿಯ ಮೇಲೋ ಬಿಟ್ಟು ಬರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಪ್ರಾಣಿಗೆ ಬಿಲ ತೋಡಲು ಬಾರದು, ಮರ ಹತ್ತಲು ಬಾರದು. ನಾಯಿ, ಬೆಕ್ಕು, ಹದ್ದಿನ ಕಣ್ಣು ತಪ್ಪಿಸಿ ಅದು ಒಂದು ರಾತ್ರಿ ಉಳಿಯುವುದೇ ಕಷ್ಟ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಈಗಾಗಲೇ ಹತ್ತೋ ಇಪ್ಪತ್ತೋ ಮೂವತ್ತೋ ಆಗಿಹೋಗಿರುವ ಮನೆಯವರಿಗೆ ಈ ಪತ್ರ. ದೊಡ್ಡ ಗುಂಪನ್ನು ಚೆನ್ನಾಗಿ ಸಾಕಬಹುದು. ಇವು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸೀಮೆಯವು. ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಮನೆಯೊಳಗೇ ಗುಂಪಾಗಿ ಸಾಕಿದ್ದಾರೆ. ಒಂಟಿಯಾಗಿಟ್ಟರೆ ಮಂಕಾಗುತ್ತವೆ. ಸ್ವಿಟ್ಜರ್ಲೆಂಡಿನಲ್ಲಂತೂ ಒಂಟಿ ಗಿನಿಪಿಗ್ ಸಾಕುವುದಕ್ಕೆ 2008ರಿಂದ ಕಾನೂನೇ ಒಪ್ಪುವುದಿಲ್ಲ. ಗುಂಪು ಕೆಡುವುದಕ್ಕೆ ಮುಖ್ಯ ಕಾರಣ ಎರಡು: ಗಂಡು ಹೆಣ್ಣು ಬೇರೆ ಮಾಡದಿರುವುದು, ಹುಲ್ಲು ಸಾಲದಿರುವುದು. ಮಿಕ್ಕ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡರ ಬೆನ್ನಿಗೇ ಬರುತ್ತವೆ.

ಮೊದಲು ಬೇರೆ ಮಾಡುವ ಕೆಲಸ. ಇದನ್ನು ಭಾನುವಾರಕ್ಕೆ ಮುಂದೂಡದೆ ಇವತ್ತೇ ಮಾಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು ಎತ್ತಿ, ಅದರ ಬೆನ್ನನ್ನು ನಿಮ್ಮ ಎದೆಗೆ ಒರಗಿಸಿಕೊಂಡು ಹಿಂಗಾಲುಗಳ ನಡುವೆ ನೋಡಿ. ಹೆಣ್ಣಿನಲ್ಲಿ ಇಂಗ್ಲಿಷಿನ ವೈ ಅಕ್ಷರದಂಥ ಸೀಳು ಕಾಣುತ್ತದೆ. ಗಂಡಿನಲ್ಲಿ ಗುಂಡಿಯಂತೆ ಉಬ್ಬಿದ ಚುಕ್ಕೆ, ಅದರ ಕೆಳಗೊಂದು ನೇರ ಗೆರೆ. ಅನುಮಾನವಾದರೆ ಆ ಚುಕ್ಕೆಗಿಂತ ತುಸು ಮೇಲೆ, ಹೊಟ್ಟೆಯ ಕಡೆ, ಬೆರಳಿನಿಂದ ಮೆಲ್ಲಗೆ ಒತ್ತಿ. ಗಂಡಾದರೆ ಚರ್ಮದ ಕೆಳಗೆ ಕಡ್ಡಿಯಂತೆ ಸಿಗುತ್ತದೆ, ಹೊರಗೂ ಬರುತ್ತದೆ. ಮೊಲೆತೊಟ್ಟು ನೋಡಿ ತೀರ್ಮಾನಿಸಬೇಡಿ, ಗಂಡಿಗೂ ಎರಡು ತೊಟ್ಟು ಇರುತ್ತವೆ.

ಗಂಡುಮರಿಯನ್ನು ಹುಟ್ಟಿದ 21ನೇ ದಿನಕ್ಕೆ ತಾಯಿಯಿಂದ ಬೇರೆ ಮಾಡಬೇಕು. ‘ಪಾಪ, ಇನ್ನೂ ಹಾಲು ಕುಡಿಯುತ್ತಿದೆ’ ಎಂದು ಒಂದು ತಿಂಗಳು ಬಿಟ್ಟ ಮನೆಗಳಲ್ಲೇ ಲೆಕ್ಕ ತಪ್ಪುವುದು. ಅಷ್ಟರೊಳಗೆ ಅದು ತಾಯಿಯನ್ನೂ ಒಡಹುಟ್ಟಿದ ಹೆಣ್ಣುಮರಿಗಳನ್ನೂ ಗಬ್ಬ ಮಾಡಿಬಿಡಬಲ್ಲದು. ಮರಿಗಳು ಕಣ್ಣು ತೆರೆದು, ಮೈತುಂಬ ಕೂದಲು, ಬಾಯಲ್ಲಿ ಹಲ್ಲು ಇಟ್ಟುಕೊಂಡೇ ಹುಟ್ಟುತ್ತವೆ. ಒಂದೆರಡು ದಿನದಲ್ಲಿ ಹುಲ್ಲು ಕಡಿಯುತ್ತವೆ. ಆದ್ದರಿಂದ ಮೂರು ವಾರಕ್ಕೆ ಬೇರೆಯಾದರೆ ಅವಕ್ಕೆ ಏನೂ ಕಷ್ಟವಿಲ್ಲ.

ಗಬ್ಬದ ಅವಧಿ 59ರಿಂದ 72 ದಿನ. ಸೂಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ. ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಬೆದೆಗೆ ಬರುತ್ತದೆ. ಗಂಡು ಅಲ್ಲೇ ಇದ್ದರೆ ಹಾಲು ಕುಡಿಸುತ್ತಲೇ ಮುಂದಿನ ಗಬ್ಬ ಹೊರಬೇಕು. ಹೀಗೆ ವರ್ಷಕ್ಕೆ ಐದು ಸೂಲು ಹೆತ್ತ ಹೆಣ್ಣು ಮೈ ಇಳಿದು, ಕೂದಲು ಉದುರಿ, ಬೇಗ ಸಾಯುತ್ತದೆ. ಹೊಟ್ಟೆ ದೊಡ್ಡದಾಗಿ ಕಂಡ ದಿನವೇ ಗಂಡನ್ನು ಆಚೆ ಇಡಿ. ಇನ್ನೊಂದು ಮಾತು: ಒಮ್ಮೆಯೂ ಮರಿ ಹಾಕದ ಹೆಣ್ಣಿಗೆ ಏಳು ತಿಂಗಳು ತುಂಬಿದ್ದರೆ ಗಂಡಿನ ಜೊತೆ ಬಿಡಲೇಬೇಡಿ. ಅಷ್ಟರಲ್ಲಿ ಸೊಂಟದ ಮುಂದಿನ ಮೂಳೆಗಳ ಕೀಲು ಬಿಗಿದಿರುತ್ತದೆ. ಹೆರಿಗೆಯಲ್ಲಿ ಅದು ಅಗಲಿಸದೆ ಮರಿ ಸಿಕ್ಕಿಕೊಂಡು ತಾಯಿ, ಮರಿ ಎರಡೂ ಸಾಯಬಹುದು.

ಬೇರೆ ಮಾಡಿದ ಗಂಡುಗಳನ್ನು ಏನು ಮಾಡುವುದು? ಪಳಗಿದ ಕೈಯ ಪಶುವೈದ್ಯರು ಸಿಕ್ಕರೆ ಬೀಜ ತೆಗೆಸುವುದು ಒಳ್ಳೆಯದು. ತೆಗೆಸಿದ ಮೇಲೂ ಆರು ವಾರ ಹೆಣ್ಣುಗಳ ಹತ್ತಿರ ಬಿಡಬಾರದು, ಅಷ್ಟು ಕಾಲ ಒಳಗೆ ಉಳಿದ ವೀರ್ಯಕ್ಕೆ ಶಕ್ತಿ ಇರುತ್ತದೆ. ಆಮೇಲೆ ಅಂಥ ಒಂದು ಗಂಡನ್ನು ಎಂಟು ಹತ್ತು ಹೆಣ್ಣುಗಳ ನಡುವೆ ಬಿಟ್ಟರೆ ಗುಂಪು ನೆಮ್ಮದಿಯಾಗಿರುತ್ತದೆ, ಹೆಣ್ಣುಗಳ ನಡುವಿನ ಕಿತ್ತಾಟವೂ ಇಳಿಯುತ್ತದೆ. ಬೀಜ ತೆಗೆಸಲು ಆಗದಿದ್ದರೆ ಗಂಡುಗಳನ್ನು ಎರಡೆರಡಾಗಿ ಇಡಿ. ಅಣ್ಣತಮ್ಮಂದಿರು, ಇಲ್ಲವೇ ಒಂದು ದೊಡ್ಡದು ಒಂದು ಮರಿ. ಹೆಣ್ಣುಗಳ ವಾಸನೆ ಮೂಗಿಗೆ ಬೀಳದಷ್ಟು ದೂರವಿರಲಿ. ಐದಾರು ಗಂಡುಗಳನ್ನು ಒಂದೇ ಕಡೆ ಕೂಡಿದರೆ ಮೂರು ನಾಲ್ಕು ತಿಂಗಳಿಗೆ ಹಲ್ಲು ಕಟಕಟ ಶುರುವಾಗಿ ರಕ್ತದಲ್ಲಿ ಮುಗಿಯುತ್ತದೆ.

ಜಾಗದ ವಿಷಯ. ಎರಡಕ್ಕೆ ಕನಿಷ್ಠ ಏಳೂವರೆ ಚದರ ಅಡಿ, ಗುಂಪಿನಲ್ಲಿ ತಲೆಗೆ ಮೂರರಿಂದ ನಾಲ್ಕು ಚದರ ಅಡಿ ಬೇಕು. ಇಪ್ಪತ್ತು ಇದ್ದರೆ ಎಂಟು ಅಡಿಗೆ ಹತ್ತು ಅಡಿಯ ಒಂದು ಕೋಣೆ. ಇವು ನೆಗೆಯುವುದು ಕಡಿಮೆಯಾದ್ದರಿಂದ ಒಂದೂವರೆ ಅಡಿ ಎತ್ತರದ ಇಟ್ಟಿಗೆ ಗೋಡೆ ಸಾಕು. ಆದರೆ ಬೆಕ್ಕು, ಇಲಿ, ಹಾವಿನಿಂದ ಕಾಪಾಡಲು ಕಿಟಕಿ, ಬಾಗಿಲಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ. ಆದರೆ ನೆಲಕ್ಕೆ ಜಾಲರಿ ಹಾಕಲೇಬೇಡಿ. ಕೋಳಿ ಗೂಡಿನಂಥ ತಂತಿ ನೆಲದ ಮೇಲೂ, ಒದ್ದೆ ನೆಲದ ಮೇಲೂ ಅಂಗಾಲು ಮೊದಲು ಕೆಂಪಾಗಿ, ಆಮೇಲೆ ಒಡೆದು, ಕೀವು ಮೂಳೆಗೇ ಇಳಿಯುತ್ತದೆ. ಅದು ವಾಸಿಯಾಗಲು ತಿಂಗಳುಗಳೇ ಬೇಕು.

ಹಾಸಿಗೆಗೆ ನಾಲ್ಕೈದು ಪದರ ನ್ಯೂಸ್‌ಪೇಪರ್, ಮೇಲೊಂದು ಹಳೆ ಕಾಟನ್ ಬೆಡ್‌ಶೀಟ್, ಅದರ ಮೇಲೆ ಹುಲ್ಲು ಸಾಕು. ಭತ್ತದ ಹೊಟ್ಟು ಚೂಪು, ಕಣ್ಣಿಗೂ ಮೂತ್ರದ ಜಾಗಕ್ಕೂ ಚುಚ್ಚುತ್ತದೆ. ಸಾಮಿಲ್ಲಿನ ಮರದ ಪುಡಿಯ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ನೂಲು ಬಿಟ್ಟ ಗೋಣಿಚೀಲ ಹಾಸಿದರೆ ನೂಲು ಕಾಲ್ಬೆರಳಿಗೆ ಸುತ್ತಿ ರಕ್ತ ನಿಲ್ಲುತ್ತದೆ. ಉಚ್ಚೆ ಹೊಯ್ಯುವ ಮೂಲೆಗಳನ್ನು ದಿನವೂ, ಇಡೀ ಹಾಸಿಗೆಯನ್ನು ವಾರಕ್ಕೆ ಎರಡು ಸಲ ಬದಲಾಯಿಸಿ. ನೆಲಕ್ಕೆ ಮೂಗು ಹತ್ತಿರ ತಂದಾಗ ಘಾಟು ಹೊಡೆದರೆ ಗಿನಿಪಿಗ್‌ಗೆ ಇಡೀ ದಿನ ಅದೇ ಗಾಳಿ ಎಂದು ತಿಳಿಯಿರಿ. ಗುಡಿಸಿದ ಹಿಕ್ಕೆ, ಹುಲ್ಲು ತಿಪ್ಪೆಗೆ ಹಾಕಿದರೆ ಒಳ್ಳೆಯ ಗೊಬ್ಬರವಾಗುತ್ತದೆ.

ಅಡಗುವ ಗೂಡುಗಳು ಪ್ರಾಣಿಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ. ಪ್ರತಿ ಗೂಡಿಗೂ ಎರಡು ಬಾಗಿಲು ಇರಲೇಬೇಕು. ಒಂದೇ ಬಾಗಿಲಾದರೆ ಜೋರಿನದು ಅಡ್ಡ ನಿಂತು ಒಳಗಿನದನ್ನು ಕಚ್ಚುತ್ತದೆ. ಕೋಲಾರದ ಕಡೆ ಮನೆಮನೆಯಲ್ಲೂ ಹಳೆ ಟೊಮೆಟೊ ಕ್ರೇಟು ಸಿಗುತ್ತದೆ. ಬೋರಲು ಹಾಕಿ, ಎದುರುಬದುರು ಬದಿಗಳಲ್ಲಿ ಎರಡು ಕಿಂಡಿ ಕೊಯ್ದು, ಅಂಚು ಉಜ್ಜಿ ನುಣುಪು ಮಾಡಿದರೆ ಇದಕ್ಕಿಂತ ಒಳ್ಳೆಯ ಗೂಡು ದುಡ್ಡು ಕೊಟ್ಟರೂ ಸಿಗದು. ಹುಲ್ಲಿನ ರಾಶಿ, ನೀರಿನ ಬಾಟಲಿ ಕೂಡ ನಾಲ್ಕೈದು ಕಡೆ ಇರಲಿ. ಒಂದೇ ಕಡೆ ಇಟ್ಟರೆ ಬಡಪಾಯಿಗಳು ಉಪವಾಸ ಬೀಳುತ್ತವೆ. ಗುಂಪು ದೊಡ್ಡದಾದ್ದರಿಂದ ಅದು ನಿಮ್ಮ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಹುಲ್ಲು. ಗಿನಿಪಿಗ್‌ಗೆ ಇಪ್ಪತ್ತು ಹಲ್ಲು, ಎಲ್ಲವೂ ಸಾಯುವತನಕ ಬೆಳೆಯುತ್ತಲೇ ಇರುತ್ತವೆ. ನಾರು ಅರೆಯುವಾಗ ಮಾತ್ರ ಅವು ಸವೆಯುವುದು. ಹುಲ್ಲು ಕಡಿಮೆಯಾದರೆ ದವಡೆ ಹಲ್ಲು ನಾಲಿಗೆಯ ಮೇಲೆ ಕಮಾನು ಕಟ್ಟಿ ಬೆಳೆದು, ಜೊಲ್ಲು ಸುರಿದು, ಹಸಿವಿದ್ದರೂ ನುಂಗಲಾಗದೆ ಸೊರಗುತ್ತದೆ. ಕರುಳು ನಡೆಯುವುದಕ್ಕೂ ನಾರೇ ಬೇಕು. ಹೀಗಾಗಿ ತಿನ್ನುವುದರಲ್ಲಿ ಐದರಲ್ಲಿ ನಾಲ್ಕು ಪಾಲು ಹುಲ್ಲಿರಬೇಕು, ರಾತ್ರಿ ಹಗಲು ಮುಂದೆ ಬಿದ್ದಿರಬೇಕು. ಪೋಲಾಗುವುದನ್ನೂ ಸೇರಿಸಿ ಇಪ್ಪತ್ತಕ್ಕೆ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಒಣಹುಲ್ಲು ಲೆಕ್ಕ ಇಟ್ಟುಕೊಳ್ಳಿ.

ಪೇಟೆಯ ಪ್ಯಾಕೆಟ್ ಹುಲ್ಲು ಇಷ್ಟು ದೊಡ್ಡ ಗುಂಪಿಗೆ ಕೈಗೆಟುಕದು, ಅದರ ಅಗತ್ಯವೂ ಇಲ್ಲ. ನಮ್ಮ ಮೂರೂ ಜಿಲ್ಲೆ ರಾಗಿ ಸೀಮೆ. ರೈತರಿಂದ ರಾಗಿ ಹುಲ್ಲು ಕೊಳ್ಳುವಾಗ ಮೆದೆಯ ಒಳಗಿನ, ಇನ್ನೂ ತುಸು ಹಸಿರು ಉಳಿದಿರುವ ಹೊರೆ ಕೇಳಿ. ಮೇಲಿನದು ಮಳೆಗೆ ನೆನೆದು ಬೂಷ್ಟು ಹಿಡಿದಿರುತ್ತದೆ, ಕೊಡವಿದರೆ ಹೊಗೆಯಂತೆ ಧೂಳೇಳುತ್ತದೆ, ಅದು ಬೇಡ. ಉಳಿದ ತೆನೆಗಳನ್ನು ಆರಿಸಿ ತೆಗೆಯಿರಿ, ಕಾಳು ಹೊಟ್ಟೆಯಲ್ಲಿ ಹುಳಿಯುತ್ತದೆ. ಬರೀ ರಾಗಿ ಹುಲ್ಲಿನಲ್ಲಿ ಸತ್ವ ಸಾಲದು, ಜೊತೆಗೆ ಗರಿಕೆ ಬೇಕು. ತೋಟದ ಬದುವಿನ ಗರಿಕೆ ಕೊಯ್ದು ನೆರಳಿನಲ್ಲಿ ಎರಡು ಮೂರು ದಿನ ತಿರುವಿ ಹಾಕಿ ಒಣಗಿಸಿದರೆ ಬಣ್ಣವೂ ವಾಸನೆಯೂ ಉಳಿಯುತ್ತದೆ. ಮುಸುಕಿನ ಜೋಳದ ಗರಿ, ಮೇಲಿನ ಸಿಪ್ಪೆಯನ್ನೂ ಇಷ್ಟಪಟ್ಟು ತಿನ್ನುತ್ತವೆ.

ಹಸಿ ಹುಲ್ಲು ಕೊಯ್ದು ಚೀಲದಲ್ಲಿ ತುರುಕಿ ಇಡಬೇಡಿ. ಮಧ್ಯಾಹ್ನಕ್ಕೆ ಒಳಗೆ ಕೈ ಹಾಕಿದರೆ ಬಿಸಿ ತಾಗುತ್ತದೆ. ಹಾಗೆ ಕಾವು ಬಂದ ಹುಲ್ಲು ತಿಂದ ಗಿನಿಪಿಗ್ ಹೊಟ್ಟೆ ತಮಟೆಯಂತೆ ಉಬ್ಬಿ ಕೆಲವೇ ಗಂಟೆಯಲ್ಲಿ ಸಾಯಬಹುದು, ಏಕೆಂದರೆ ಅದಕ್ಕೆ ವಾಂತಿ ಮಾಡಲು ಆಗುವುದಿಲ್ಲ. ಒಣಹುಲ್ಲಿನಿಂದ ಹಸಿಗೆ ಬದಲಾಯಿಸುವಾಗ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಡೇರಿ ಹಸುಗಳಿಗೆ ಬೆಳೆಯುವ ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣದ ಅಂಶ ಜಾಸ್ತಿ. ಮರಿಗಳಿಗೆ, ಗಬ್ಬದ ಹೆಣ್ಣಿಗೆ ಕೊಡಬಹುದು. ದೊಡ್ಡವಕ್ಕೆ ದಿನವೂ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆ. ಉಚ್ಚೆ ಒಣಗಿದ ಜಾಗದಲ್ಲಿ ತೆಳ್ಳಗೆ ಬಿಳಿ ಪುಡಿ ಕಂಡರೆ ಸಹಜ. ಮರಳಿನಂತೆ ಕರಕರ ಅಂದರೆ, ರಕ್ತ ಕಂಡರೆ, ಉಚ್ಚೆ ಹೊಯ್ಯುವಾಗ ಕೂಗಿದರೆ ವೈದ್ಯರಿಗೆ ತೋರಿಸಿ. ಹಿಪ್ಪುನೇರಳೆ, ನುಗ್ಗೆ, ಪಾಲಕ್, ದಂಟಿನ ಸೊಪ್ಪುಗಳನ್ನೂ ಇದೇ ಕಾರಣಕ್ಕೆ ವಾರಕ್ಕೊಮ್ಮೆ, ಒಂದು ಹಿಡಿಗೆ ನಿಲ್ಲಿಸಿ.

ಮನುಷ್ಯರಂತೆಯೇ ಗಿನಿಪಿಗ್ ದೇಹಕ್ಕೂ ಸಿ ಜೀವಸತ್ವ ತಯಾರಿಸಿಕೊಳ್ಳಲು ಬಾರದು. ನಾರ್ವೆಯ ಆಕ್ಸೆಲ್ ಹೋಲ್ಸ್ಟ್, ಥಿಯೋಡೋರ್ ಫ್ರೋಲಿಕ್ 1907ರಲ್ಲೇ ಬರೀ ಧಾನ್ಯ ತಿನ್ನಿಸಿದ ಗಿನಿಪಿಗ್‌ಗಳಿಗೆ ಸ್ಕರ್ವಿ, ಅಂದರೆ ಈ ಜೀವಸತ್ವದ ಕೊರತೆಯ ಕಾಯಿಲೆ, ಬರುವುದನ್ನು ತೋರಿಸಿದ್ದರು. ಹಾಗಿದ್ದೂ ಇಂದಿಗೂ ಎಷ್ಟೋ ಮನೆಗಳಲ್ಲಿ ಇವಕ್ಕೆ ಅನ್ನ, ಮುದ್ದೆ, ಬಿಸ್ಕತ್ತು, ಕೋಳಿ ಫೀಡು ಹಾಕುತ್ತಾರೆ. ಎರಡು ಮೂರು ವಾರದಲ್ಲಿ ಮಂಡಿ ಊದಿ, ಕುಂಟಿ, ಮುಟ್ಟಿದರೆ ಕಿರುಚಿ, ಕೂದಲು ಒರಟಾಗುತ್ತದೆ. ಕಾಲು ಉಳುಕಿದೆ ಎಂದು ಎಣ್ಣೆ ಹಚ್ಚುತ್ತಾ ಕೂರುತ್ತಾರೆ. ಒಂದಕ್ಕೆ ದಿನಕ್ಕೆ 20ರಿಂದ 25 ಮಿಲಿಗ್ರಾಂ, ಗಬ್ಬದ್ದಕ್ಕೆ ಇನ್ನೂ ಹೆಚ್ಚು ಬೇಕು. ಬೀಜ ತೆಗೆದ ಸೀಬೆಹಣ್ಣಿನ ಹೆಬ್ಬೆರಳು ಗಾತ್ರದ ತುಂಡು, ಅಥವಾ 30 ಗ್ರಾಂ ದಪ್ಪ ಮೆಣಸಿನಕಾಯಿ ಕೊಟ್ಟರೆ ಅಷ್ಟು ಸಿಗುತ್ತದೆ. ಬೆಟ್ಟದ ನೆಲ್ಲಿಕಾಯಿಯ ಕಾಲದಲ್ಲಿ ಒಂದು ತೆಳ್ಳನೆ ಹೋಳು ಸಾಕು. ಜೀವಸತ್ವದ ಹನಿಯನ್ನು ಕುಡಿಯುವ ನೀರಿಗೆ ಬೆರೆಸುವುದರಿಂದ ಉಪಯೋಗವಿಲ್ಲ. ಬೆಳಕಿಗೆ ಕೆಡುತ್ತದೆ, ರುಚಿ ಬದಲಾದರೆ ನೀರನ್ನೇ ಬಿಡುತ್ತವೆ. ಅಂಗಡಿಯ ಪೆಲೆಟ್ (ಗುಳಿಗೆಯಂಥ ಒಣ ಮೇವು) ಒಂದು ಗಿನಿಪಿಗ್‌ಗೆ ದಿನಕ್ಕೆ 20 ಗ್ರಾಂ ಮೀರದಿರಲಿ. ತಯಾರಾಗಿ ಮೂರು ತಿಂಗಳು ಕಳೆದ ಪೆಲೆಟ್‌ನ ಸಿ ಜೀವಸತ್ವವನ್ನು ನಂಬಬೇಡಿ.

ಸೌತೆ, ಕೊತ್ತಂಬರಿ ಸೊಪ್ಪು ಕೊಡಬಹುದು. ಕ್ಯಾರೆಟ್‌ನಲ್ಲಿ ಸಕ್ಕರೆ ಹೆಚ್ಚು, ಎರಡು ದಿನಕ್ಕೊಂದು ಸಣ್ಣ ತುಂಡು ಸಾಕು. ಕೋಸು ಹೆಚ್ಚಾದರೆ ಹೊಟ್ಟೆ ಉಬ್ಬರ. ಹಣ್ಣಾದ ಟೊಮೆಟೊ ಒಂದು ಹೋಳು ಪರವಾಗಿಲ್ಲ, ಆದರೆ ಟೊಮೆಟೊ ಗಿಡದ ಎಲೆ, ಕಾಂಡ, ಹಸಿಕಾಯಿ ವಿಷ. ಆಲೂಗೆಡ್ಡೆ ಗಿಡವೂ ಅಷ್ಟೇ. ಈರುಳ್ಳಿ, ಬೆಳ್ಳುಳ್ಳಿ, ಹಸಿ ಕಾಳುಗಳನ್ನು ಕೊಡಲೇಬೇಡಿ. ಬೇಲಿಯಿಂದ ಸೊಪ್ಪು ತರುವಾಗ ಲಂಟಾನ, ಪಾರ್ಥೇನಿಯಂ, ಕಣಗಿಲೆ, ಹರಳು, ದತ್ತೂರಿ ಸೇರದಂತೆ ನೋಡಿಕೊಳ್ಳಿ. ಔಷಧಿ ಹೊಡೆದ ತರಕಾರಿ ತೋಟದ ಕಳೆಯನ್ನು ತರಲೇಬಾರದು. ಸಂತೆಯಲ್ಲಿ ಕೊಂಡ ಸೊಪ್ಪನ್ನು ಎರಡು ನೀರಿನಲ್ಲಿ ತೊಳೆದು, ನೀರು ಬಸಿದು ಕೊಡಿ.

ಆಂಡೀಸಿನ ತಂಪಿನ ಪ್ರಾಣಿಗೆ ನಮ್ಮ ಮಾರ್ಚ್, ಏಪ್ರಿಲ್, ಮೇ ತಿಂಗಳೇ ಗಂಡಾಂತರ. 18ರಿಂದ 24 ಡಿಗ್ರಿ ಅದಕ್ಕೆ ಹಿತ. 28 ದಾಟಿದರೆ ತೊಂದರೆ ಶುರು. ಶೀಟಿನ ಮನೆಯಲ್ಲಿ, ತಾರಸಿಯ ಮೇಲಿನ ಕೋಣೆಯಲ್ಲಿ ಬೇಸಿಗೆ ಮಧ್ಯಾಹ್ನ ಇಡೀ ಗುಂಪೇ ಒಂದೇ ದಿನ ಹೋಗಬಹುದು. ನೆಲಮಟ್ಟದ, ಉತ್ತರದ ಕಡೆಯ ಕೋಣೆಗೆ ಬದಲಾಯಿಸಿ. ದೊಡ್ಡ ಮಣ್ಣಿನ ಮಡಕೆಗಳನ್ನು ಅಡ್ಡ ಮಲಗಿಸಿ ಹೊರಮೈಗೆ ನೀರು ಚಿಮುಕಿಸಿ, ಒಳಗೆ ಹೋಗಿ ಮಲಗುತ್ತವೆ. ನೀರು ತುಂಬಿ ಫ್ರೀಜರಿನಲ್ಲಿಟ್ಟ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಲ್ಲಿ ಇಡಿ, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ. ಕಾಲು ಚೆಲ್ಲಿ ಬಿದ್ದುಕೊಂಡು, ಜೊಲ್ಲು ಸುರಿಸುತ್ತಾ ಬೇಗ ಬೇಗ ಉಸಿರಾಡುವುದನ್ನು ಐಸ್ ನೀರಿನಲ್ಲಿ ಮುಳುಗಿಸಬೇಡಿ, ಆ ಆಘಾತಕ್ಕೇ ಸಾಯಬಹುದು. ಕಿವಿ, ಪಾದಗಳಿಗೆ ತಣ್ಣನೆ ನೀರಿನ ಬಟ್ಟೆ ಒತ್ತಿ, ಫ್ಯಾನ್ ಗಾಳಿ ಸ್ವಲ್ಪ ದೂರದಿಂದ ತಾಗಿಸಿ, ಕೂಡಲೇ ವೈದ್ಯರ ಹತ್ತಿರ ಒಯ್ಯಿರಿ.

ಗುಂಪಿನಲ್ಲಿ ಕಾಯಿಲೆ ಕಾಣಿಸದು. ಸೊರಗಿದ್ದು ಸಹ ಉಳಿದವುಗಳ ಜೊತೆ ಓಡಿ ಬಂದು ಹುಲ್ಲಿಗೆ ಬಾಯಿ ಹಾಕಿದಂತೆ ನಟಿಸುತ್ತದೆ. ಅದಕ್ಕೇ ತಕ್ಕಡಿ ಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೊಂದು ಡಬ್ಬಿ ಇಟ್ಟು, ವಾರಕ್ಕೊಮ್ಮೆ ಅದೇ ದಿನ, ಅದೇ ಹೊತ್ತಿಗೆ ಪ್ರತಿಯೊಂದನ್ನೂ ತೂಗಿ, ಹೆಸರು, ಬಣ್ಣದ ಗುರುತು ಹಾಕಿ ಪುಸ್ತಕದಲ್ಲಿ ಬರೆಯಿರಿ. 50 ಗ್ರಾಂ ಇಳಿದರೆ ಅದರ ಮೇಲೆ ಕಣ್ಣಿಡಿ, 100 ಇಳಿದರೆ ಆಸ್ಪತ್ರೆಗೆ ಹೊರಡಿ. ಅರ್ಧ ದಿನ ಏನೂ ತಿನ್ನದೆ ಇದ್ದರೆ, ಹಿಕ್ಕೆ ಹಾಕದಿದ್ದರೆ, ಬೆಳಗಾಗಲಿ ಎಂದು ಕಾಯಬಾರದು.

ಮನೆಯಲ್ಲಿ ಮಕ್ಕಳಿಗೆ ತಂದು ಉಳಿದ ಸಿರಪ್ ಹಾಕುವ ಅಭ್ಯಾಸ ಬಹಳ ಕಡೆ ಇದೆ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಪೆನಿಸಿಲಿನ್, ಲಿಂಕೋಮೈಸಿನ್, ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್: ಇವು ಗಿನಿಪಿಗ್ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ವಿಷ ಬಿಡುವ ಜೀವಿಗಳಿಗೆ ಜಾಗ ಮಾಡಿಕೊಡುತ್ತವೆ. ಭೇದಿ ಹತ್ತಿ ಕೆಲವೇ ದಿನದಲ್ಲಿ ಸಾವು. ಹಸು, ಎಮ್ಮೆ ನೋಡಿಕೊಳ್ಳುವ ನಮ್ಮ ಪಶುವೈದ್ಯರಿಗೆ ಗಿನಿಪಿಗ್ ಅಪರೂಪ. ಔಷಧಿ ಬರೆಯುವ ಮೊದಲು ಈ ಮಾತನ್ನು ಗೌರವದಿಂದ ನೆನಪಿಸಿದರೆ ಅವರೇನೂ ಬೇಸರಪಡುವುದಿಲ್ಲ. ಶಸ್ತ್ರಚಿಕಿತ್ಸೆ ಬೇಕಾದರೆ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಮೂರೂ ಜಿಲ್ಲೆಗಳಿಂದ ಹೋಗಿಬರುವ ದೂರದಲ್ಲಿದೆ. ಸಣ್ಣ ಪ್ರಾಣಿ ನೋಡುವ ವೈದ್ಯರು ಯಾವಾಗ ಸಿಗುತ್ತಾರೆ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಒಂದನ್ನೇ ಒಯ್ಯಬೇಡಿ, ಅದರ ಗೆಳತಿಯೊಂದು ಜೊತೆಗಿದ್ದರೆ ಹೆದರಿ ತಿನ್ನುವುದನ್ನು ಬಿಡುವುದಿಲ್ಲ.

ಒಂದು ಮೈ ಕೆರೆದುಕೊಳ್ಳುತ್ತಾ ಬೆನ್ನಿನ ಕೂದಲು ಕಳೆದುಕೊಂಡರೆ ಕಜ್ಜಿ ನುಸಿ ಇಡೀ ಗುಂಪಿಗೆ ಹತ್ತಿದೆ ಎಂದೇ ಲೆಕ್ಕ. ಕಣ್ಣಿಗೆ ಕಾಣದ ಈ ನುಸಿಯ ಕಡಿತಕ್ಕೆ ಫಿಟ್ಸ್ ಬರುವುದೂ ಉಂಟು. ವೈದ್ಯರು ತೂಕ ನೋಡಿ ಹೇಳಿದಷ್ಟೇ ಔಷಧಿಯನ್ನು ಎಲ್ಲಕ್ಕೂ ಒಂದೇ ದಿನ ಹಾಕಿಸಿ. ದನಕ್ಕೆ ತಂದ ಔಷಧಿಯನ್ನು ಅಂದಾಜಿನಲ್ಲಿ ಹಾಕಬೇಡಿ. ಮುಖ, ಮೂಗಿನ ಸುತ್ತ ದುಂಡಗೆ ಕೂದಲು ಉದುರಿ ಹೊಟ್ಟು ಎದ್ದರೆ ಅದು ಹುಳುಕಡ್ಡಿ. ಮಕ್ಕಳಿಗೂ ಹತ್ತುತ್ತದೆ, ಮುಟ್ಟಿದ ಮೇಲೆ ಕೈ ತೊಳೆಯಲಿ. ಮೊಲಗಳ ಜೊತೆ ಒಂದೇ ಗೂಡಿನಲ್ಲಿ ಇಡಬೇಡಿ. ಮೊಲಕ್ಕೆ ಏನೂ ಮಾಡದ ಒಂದು ಬ್ಯಾಕ್ಟೀರಿಯಾ ಗಿನಿಪಿಗ್‌ಗೆ ನ್ಯುಮೋನಿಯಾ ತರುತ್ತದೆ. ಹೊಸದನ್ನು ತಂದರೆ ಮೂರು ವಾರ ಬೇರೆ ಕೋಣೆಯಲ್ಲಿರಲಿ. ಆಮೇಲೆ ಯಾವುದರ ವಾಸನೆಯೂ ಇಲ್ಲದ ಜಾಗದಲ್ಲಿ ಹುಲ್ಲು ಹರಡಿ ಎಲ್ಲವನ್ನೂ ಒಟ್ಟಿಗೆ ಬಿಡಿ. ಅಟ್ಟಿಸಿಕೊಂಡು ಹೋಗುವುದು, ಮೇಲೆ ಹತ್ತುವುದು, ಗುರುಗುಟ್ಟುವುದು ನಡೆಯಲಿ, ಅದು ಅವುಗಳ ಪರಿಚಯದ ರೀತಿ. ಎರಡು ಉಂಡೆಯಾಗಿ ಉರುಳಿ ಕಚ್ಚಾಡಿದರೆ ಮಾತ್ರ ದಪ್ಪ ಟವೆಲ್ ಹಾಕಿ ಬಿಡಿಸಿ. ಬರಿಗೈ ಹಾಕಿದರೆ ಹಲ್ಲು ನಿಮ್ಮ ಬೆರಳಿಗೆ ಇಳಿಯುತ್ತದೆ.

ಮಾರುವವರಲ್ಲಿ ಒಂದು ವಿನಂತಿ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ನಾಯಿ, ಬೆಕ್ಕು, ಮೊಲದ ಜೊತೆ ಗಿನಿಪಿಗ್ ಹೆಸರೂ ಸ್ಪಷ್ಟವಾಗಿದೆ. ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬೇಕು. ಗಂಡು ಹೆಣ್ಣುಗಳನ್ನು ಬೇರೆ ಬೇರೆ ಗೂಡಿನಲ್ಲಿಟ್ಟು, ಕೊಳ್ಳುವವರ ಕಣ್ಣೆದುರೇ ತಿರುಗಿಸಿ ತೋರಿಸಿ ಮಾರಿದರೆ ಈ ಪತ್ರದ ಅರ್ಧ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಮಂಡಳಿ ಮತ್ತು ಪಶುಸಂಗೋಪನಾ ಇಲಾಖೆಯ ಅಧಿಕಾರಿಗಳು ಬೇಸಿಗೆ ರಜೆಗೆ ಮುಂಚೆ ಒಮ್ಮೆ ಅಂಗಡಿಗಳನ್ನು ನೋಡಿಬರಬೇಕು.

ಸಾಕಲಾಗದೆ ಬೇರೆಯವರಿಗೆ ಕೊಡುವವರು ಒಂಟಿಯಾಗಿ ಕೊಡಬೇಡಿ, ಒಂದೇ ಲಿಂಗದ ಎರಡನ್ನು ಕೊಡಿ. ಗಂಡಿನ ಜೊತೆ ಇದ್ದ ಹೆಣ್ಣಾದರೆ ಕೊಡುವ ಮೊದಲು 72 ದಿನ ಕಾದು ಗಬ್ಬ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಜೊತೆಗೆ ಒಂದು ಚೀಟಿಯಲ್ಲಿ ಹುಟ್ಟಿದ ತಿಂಗಳು, ಕಳೆದ ನಾಲ್ಕು ವಾರದ ತೂಕ, ಏನೇನು ತಿಂದು ಅಭ್ಯಾಸ ಎಂದು ಬರೆದುಕೊಡಿ. ಅವು ತಿನ್ನುತ್ತಿದ್ದ ಹುಲ್ಲಿನಲ್ಲೇ ಒಂದು ಚೀಲ ಕಟ್ಟಿ ಕಳಿಸಿ, ಹೊಸ ಮನೆಯಲ್ಲಿ ಮೊದಲ ವಾರ ಅದೇ ಸಿಗಲಿ.

ಇಂತಿ,
ಗಿನಿಪಿಗ್ ಸಾಕುವ ಕೆಲವು ಓದುಗರು,
ತುಮಕೂರು